ಮಗ್ಗದ ಆಚೆ ಎರಡು ದನಿ

"ನಿಮ್ಮ ಪಕ್ಕ ಕೂತಿದ್ರಲ್ಲ, ಅವರು ಊಟಕ್ಕೆ ಬರಲ್ವಾ?"

ಕೆಲಸಕ್ಕೆ ಸೇರಿದ ದಿನ ಅವನು ಅವಳನ್ನು ಕೇಳಿದ ಮೊದಲ ಮಾತು ಅದು. ನಲ್ಲಿಗೆ ಕೈಯೊಡ್ಡಿದ್ದ ಹುಡುಗಿ ಹಾಗೇ ನಿಂತುಬಿಟ್ಟಳು. ಉಣ್ಣೆಯ ಬಣ್ಣ ಅವಳ ಬೆರಳುಗಳಿಂದ ಬಿಟ್ಟುಕೊಂಡು ನೀರು ಕೆಂಪಗೆ ಹರಿಯುತ್ತಿತ್ತು.

"ನನ್ನ ಪಕ್ಕ ಯಾರೂ ಕೂರಲ್ಲ."

"ತಮಾಷೆ ಮಾಡ್ಬೇಡಿ ರೀ. ಬೆಳಿಗ್ಗೆಯಿಂದ ಇಬ್ಬರೂ ಜವಾಬು ಕೊಡ್ತಿದ್ರಿ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೊಸಬರು ಅಂತ ಸುಮ್ಮನಿದ್ದೀನಿ. ಇನ್ನೊಂದ್ಸಲ ಇಂಥ ಮಾತು ಆಡಿದ್ರೆ, ಕತ್ತರಿ ನನ್ನ ಕೈಲೇ ಇರತ್ತೆ, ನೆನಪಿರಲಿ."

ಅವನಿಗೆ ತಲೆಬುಡ ತಿಳಿಯಲಿಲ್ಲ.

ಅದು ರತ್ನಗಂಬಳಿ ನೇಯುವ ಮನೆ. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ನಡುವೆ ಸೂರು ಮುಟ್ಟುವ ಒಂದೇ ಒಂದು ಮಗ್ಗ. ಮಗ್ಗದ ಒಂದು ಕಡೆ ಹಲಗೆಯ ಮೇಲೆ ಕೂತು ಅವಳು ಗಂಟು ಹಾಕುತ್ತಿದ್ದಳು. ಇನ್ನೊಂದು ಕಡೆ ಕೂತು ನಕ್ಷೆ ನೋಡಿ ಬಣ್ಣ ಕೂಗುವುದು ಅವನ ಕೆಲಸ. "ಎರಡು ಕೆಂಪು, ಒಂದು ನೀಲಿ." ಗಂಟು ಬಿದ್ದ ಮೇಲೆ ಆಚೆಯಿಂದ "ಆಯ್ತು" ಅನ್ನಬೇಕು, ಆಗ ಮುಂದಿನ ಬಣ್ಣ. ನಡುವೆ ಬಿಗಿದು ನಿಂತ ದಾರಗಳ ಗೋಡೆ. ಅದರ ಸಂದಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಅವಳ ಬೆರಳ ತುದಿ, ಅದೃಷ್ಟವಿದ್ದರೆ ಒಂದು ಕಣ್ಣು.

ಹಿಂದೆ ಅವನು ಬಸ್ ನಿಲ್ದಾಣದ ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಿದ್ದ. ಅಲ್ಲಿಗೆ ರೆಕಾರ್ಡ್ ಮಾಡಿದ ದನಿ ಬಂದು ಅವನ ಕೆಲಸ ಹೋಯಿತು. ಜನರ ದನಿಯ ವಿಷಯದಲ್ಲಿ ಅವನ ಕಿವಿ ಮೋಸ ಹೋಗುವಂಥದ್ದಲ್ಲ. ಬೆಳಿಗ್ಗೆಯಿಂದ ಅವನು ಕೂಗಿದ್ದಕ್ಕೆಲ್ಲ ಎರಡು ಉತ್ತರ ಬಂದಿತ್ತು. ಒಂದು ಅವಳದು, ಕೊಂಚ ಒಡಕು, ತುದಿಯಲ್ಲಿ ನಗು ಅಡಗಿಸಿಟ್ಟಂತೆ. ಇನ್ನೊಂದು ಅರ್ಧ ಉಸಿರು ತಡವಾಗಿ, ಬಾವಿಯ ತಳದಿಂದ ಬಂದ ಹಾಗೆ.

ಸಂಜೆ ಉಣ್ಣೆಯ ಉಂಡೆಗಳನ್ನು ಬುಟ್ಟಿಗೆ ತುಂಬುತ್ತಿದ್ದ ಚಿಕ್ಕಮ್ಮನನ್ನು ಕೇಳಿದ. ಆ ಮನೆಯ ಯಜಮಾನಿ ಅವಳೇ. ಹುಡುಗಿಯನ್ನು ಸಾಕಿದವಳೂ ಅವಳೇ.

"ಇವಳಿಗೊಬ್ಬ ಅಕ್ಕ ಇದ್ಲಪ್ಪ," ಎಂದಳು ಚಿಕ್ಕಮ್ಮ. "ಈ ಗಂಬಳಿ ಇಬ್ಬರೂ ಕೂಡಿ ಶುರು ಮಾಡಿದ್ದು. ಜ್ವರ ಅಂತ ಮಲಗಿದವಳು ಏಳ್ಲೇ ಇಲ್ಲ. ಆ ಜಾಗಕ್ಕೆ ಬೇರೆ ಯಾರನ್ನೂ ಕೂರಿಸಬೇಡಿ ಅಂತ ಇವಳದು ಒಂದೇ ಹಟ. ನೀನು ಬರೋವರೆಗೂ ನಕ್ಷೇನೂ ತಾನೇ ನೋಡ್ಕೋತಿದ್ಲು." ಆಮೇಲೆ ಬುಟ್ಟಿಯೊಳಗೆ ನೋಡುತ್ತ, ತನಗೆ ತಾನೇ ಎಂಬಂತೆ, "ಆದರೂ ಒಂಟಿ ಕೈಯಲ್ಲಿ ಇಷ್ಟು ಬೇಗ ಹೇಗೆ ಏರ್ತಿದೆಯೋ," ಎಂದಳು.

ಮರುದಿನ ಹುಡುಗಿ ಅವನು ಬರುವುದನ್ನೇ ಕಾಯುತ್ತಿದ್ದಳು. ನಿದ್ದೆಗೆಟ್ಟ ಕಣ್ಣು.

"ನಿನ್ನೆ ಅಂದ್ರಲ್ಲ. ಆ ದನಿ ಹೇಗಿತ್ತು?"

"ಹೋಗ್ಲಿ ಬಿಡಿ. ನನಗೆ ಗೊತ್ತಿರಲಿಲ್ಲ."

"ಹೇಗಿತ್ತು ಅಂತ ಕೇಳಿದೆ."

"ಸಣ್ಣ ದನಿ. ಕೊನೇಲಿ ಎಳೀತಾರೆ. ಆಯ್ತೂ... ಅಂತ."

ಅವಳ ಕೈ ಬಾಯಿಗೆ ಹೋಯಿತು. ಅವನ ಮಣಿಕಟ್ಟು ಹಿಡಿದು ಮಗ್ಗದ ಆಚೆ ಬದಿಗೆ ಎಳೆದೊಯ್ದಳು. ಅವನ ಅಂಗೈಯನ್ನು ಗಂಬಳಿಯ ಎಡಭಾಗದ ಮೇಲಿಟ್ಟು ಸವರಿಸಿದಳು. ಉಣ್ಣೆ ಬೆಕ್ಕಿನ ಬೆನ್ನಿನಂತೆ ಒಂದು ಕಡೆಗೆ ಮಲಗಿತು. ಬಲಭಾಗಕ್ಕೆ ಬಂದಾಗ ಅದೇ ಉಣ್ಣೆ ಎದುರು ನಿಂತು ಅಂಗೈಗೆ ಚುಚ್ಚಿತು.

"ಅಕ್ಕ ಎಡಗೈಯವಳು. ಅವಳ ಗಂಟು ಹೀಗೆ ಎದುರು ಕಡೆಗೆ ವಾಲತ್ತೆ. ಈ ಬದಿಗೆ ಸರಿದು ಕೂತು ಇದನ್ನೂ ನಾನೇ ಹಾಕ್ತೀನಿ, ಆದ್ರೆ ಹಾಕಿದ್ದು ನನಗೆ ನೆನಪೇ ಇರಲ್ಲ." ಅವಳು ಮೆಲ್ಲಗೆ ಸೇರಿಸಿದಳು, "ನನಗೆ ಒಂದು ಸಲಾನೂ ಕೇಳಿಸಿಲ್ಲ. ನಿಮಗೆ ಕೇಳಿಸತ್ತೆ."

ಅವಳು ಹಿಡಿದಿದ್ದ ಮಣಿಕಟ್ಟಿನಲ್ಲಿ ಅವನ ನಾಡಿ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯೋ ಬೇರೇನೋ, ಅವನಿಗೇ ಗೊತ್ತಾಗಲಿಲ್ಲ.

ಅಂದಿನಿಂದ ಅವಳು ಅವನನ್ನು 'ಕೂಗುಮಾರಿ' ಎಂದು ಕರೆಯತೊಡಗಿದಳು.

"ರಾತ್ರಿ ಕೂಗುಮಾರಿ ಬಂದು ಕರೆದ್ರೆ ಓಗೊಡಬಾರದಂತೆ, ಓಗೊಟ್ಟೋರು ಉಳಿಯಲ್ವಂತೆ. ನೀವು ದಿನವಿಡೀ ಓಗೊಡ್ತೀರಲ್ಲ?" ಅಂದ ಅವನು.

"ನನಗೇನಾಗತ್ತೆ? ನೋಡೋಣ," ಅಂದಳು. ದಾರಗಳ ಸಂದಿಯಲ್ಲಿ ಆ ಒಂದು ಕಣ್ಣು ಮಿನುಗಿತು.

ಅವನು ಬೇಕೆಂದೇ ಬಣ್ಣಗಳನ್ನು ನಿಧಾನವಾಗಿ ಕೂಗುತ್ತಿದ್ದ. ಅವಳು ಬೇಕೆಂದೇ ಉತ್ತರ ತಡಮಾಡುತ್ತಿದ್ದಳು. "ಗಂಟಲು ಕಟ್ಟಿದೆಯಾ? ಬಿಸಿನೀರು ತರಲಾ?" ಎಂದು ಆಚೆಯಿಂದ ಕೆಣಕುವಳು. ಆದರೆ ಸಾಲು ಮುಗಿದಾಗಲೆಲ್ಲ ಅದೇ ಪ್ರಶ್ನೆ: "ಈಗ ಅಕ್ಕ ಏನಂದ್ಲು? ಖುಷಿಯಾಗಿದ್ಲಾ?" ಅವಳ ನೋಟ ತನ್ನ ಮೇಲೋ, ತನ್ನ ಕಿವಿಯ ಮೇಲೋ ಎಂದು ಅವನಿಗೆ ಎಂದೂ ಖಚಿತವಾಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟು, ಆಮೇಲೆ ನಾಚಿಕೊಳ್ಳುತ್ತಿದ್ದ.

ಗಂಬಳಿ ಏರಿದಂತೆ ಅವಳು ಇಳಿಯುತ್ತ ಬಂದಳು. ಊಟದ ಡಬ್ಬಿ ತೆರೆಯದೆ ವಾಪಸ್ ಹೋಗುತ್ತಿತ್ತು. ಹಲಗೆಯ ನಡುವಿನಲ್ಲಿ ಕೂರುತ್ತಿದ್ದವಳು ದಿನದಿನಕ್ಕೂ ಬಲಕ್ಕೆ, ಅಕ್ಕನ ಜಾಗದ ಕಡೆಗೆ ಸರಿಯುತ್ತಿದ್ದಳು. ಅವನ ಕಿವಿಗೆ ಇನ್ನೂ ಒಂದು ವಿಷಯ ತಿಳಿಯಿತು. ಒಡಕು ದನಿ ಸಣ್ಣಗಾಗುತ್ತಿತ್ತು. ಬಾವಿಯೊಳಗಿನ ದನಿ ಮೇಲೆ ಬರುತ್ತಿತ್ತು.

ಒಂದು ಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲು ಚೆನ್ನಾಗಿದ್ದ ಹೊತ್ತಿನಲ್ಲೇ, ಅವನು "ಮೂರು ಬಿಳಿ" ಎಂದು ಕೂಗಿದ. ಒಂದೇ ಉತ್ತರ ಬಂತು.

"ಆಯ್ತೂ..."

ಅವನು ದಾರಗಳನ್ನು ಬೆರಳಲ್ಲಿ ಅಗಲಿಸಿ ನೋಡಿದ. ಆಚೆ ಅವಳೊಬ್ಬಳೇ ಇದ್ದಳು. ತುಟಿ ಅವಳದೇ ಅಲುಗಿತ್ತು. ಎಡಗೈಯಲ್ಲಿ ಗಂಟು ಬಿಗಿಯುತ್ತಿದ್ದಳು.

ಅವನು ನಕ್ಷೆಯ ಹಾಳೆ ಮಡಚಿಟ್ಟ. "ನಾನು ಇನ್ನು ಕೂಗಲ್ಲ."

ನಿದ್ದೆಯಿಂದೆದ್ದವಳಂತೆ, ಅವಳ ಸ್ವಂತ ದನಿ ಬಂತು. "ಯಾಕೆ?"

"ನಾನು ಕೂಗಿದ ಒಂದೊಂದು ಸಲಕ್ಕೂ ನೀವು ಅಷ್ಟಷ್ಟೇ ಆಚೆ ಹೋಗ್ತಿದ್ದೀರಿ."

"ಅದು ನಮ್ಮಿಬ್ಬರ ವಿಷಯ. ನಿಮಗೇನು?"

"ನನಗೇನಾ? ನೀನಂದ್ರೆ ನನಗೆ ಇಷ್ಟ ಕಣೆ. ನಿನ್ನ ದನಿ ಕೇಳ್ಬೇಕು ಅಂತ ನಾನು ಬರೋದು, ಅವರದ್ದಲ್ಲ. ಅದೇ ಹೋಗ್ತಾ ಇದ್ರೆ ನಾನು ಇಲ್ಲಿ ಕೂತು ಬಣ್ಣ ಕೂಗ್ಲಾ?"

ಅವಳು ಎದ್ದು ಬಂದಳು. ಮುಖ ಬಿಳಿಚಿತ್ತು. "ನನ್ನಕ್ಕನ್ನ ಇನ್ನೊಂದ್ಸಲ ಸಾಯಿಸ್ತೀರಾ?" ಎಂದವಳು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದಳು.

ಮರುದಿನ ಅವಳು ಬಂದಾಗ ಅವನು ತನ್ನ ಜಾಗದಲ್ಲಿರಲಿಲ್ಲ. ಅಕ್ಕನ ಜಾಗದಲ್ಲಿ ಕೂತಿದ್ದ. ಹಲಗೆ ಅಲ್ಲಿ ಮಾತ್ರ ನೆನೆದ ಕಲ್ಲಿನಂತೆ ತಣ್ಣಗಿತ್ತು. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಏಳಿ ಅಲ್ಲಿಂದ!"

"ಜಾಗ ಖಾಲಿ ಇದೆ ಅಂತ ತಾನೇ ಅವರು ಬರೋದು? ಖಾಲಿ ಇಲ್ಲ ಈಗ." ಅವನು ಒಂದು ಕೆಂಪು ಎಳೆ ಎತ್ತಿಕೊಂಡ. "ನಾನು ಗಂಟು ಹಾಕ್ತೀನಿ. ನೀವು ಕೂಗಿ."

"ಗಂಟು ಹಾಕೋಕೆ ಬರತ್ತಾ ನಿಮಗೆ?"

"ಇಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ಮಗ್ಗವನ್ನು ಬಳಸಿ ಹೋಗಿ ಅವನ ಕುರ್ಚಿಯಲ್ಲಿ ಕೂತು ನಕ್ಷೆ ಬಿಡಿಸಿದಳು. ಆ ಬದಿಯಿಂದ ಅವಳು ಎಂದೂ ಗಂಬಳಿಯನ್ನು ನೋಡಿರಲಿಲ್ಲ.

"ಒಂದು ಕೆಂಪು," ಎಂದಳು.

ಅವನು ಹೇಗೋ ಒದ್ದಾಡಿ ಗಂಟು ಬಿಗಿದ. "ಆಯ್ತು."

"ಆಯ್ತೂ..."

ಅವಳ ಕೈಯಿಂದ ಹಾಳೆ ಜಾರಿತು. ಕೂಗುವವರಿಗೆ ಮಾತ್ರ ಕೇಳಿಸುವ ದನಿ ಅದು. ಇಷ್ಟು ದಿನ ಅವಳು ಓಗೊಡುವ ಬದಿಯಲ್ಲೇ ಕೂತಿದ್ದಳು. ಅವನಿಗೆ ಈಗ ಏನೂ ಕೇಳಿಸಲಿಲ್ಲ. ಅವಳ ಅಳು ಮಾತ್ರ ಕೇಳಿಸಿತು.

ಬೆಳಗೆಲ್ಲ ಅವಳು ಕೂಗಿದಳು. ಮೊದಮೊದಲು ಬಣ್ಣಗಳನ್ನು. ಆಮೇಲೆ ಬಣ್ಣ ಬಿಟ್ಟು ಬೇರೆ ಮಾತು. "ಚಿಕ್ಕಮ್ಮಂಗೆ ಮಂಡಿನೋವು ಕಮ್ಮಿಯಾಗಿದೆ, ಅಕ್ಕ." "ನಿನ್ನ ನೀಲಿ ಶಾಲು ನಾನೇ ಹೊದೀತೀನಿ, ಬೈಬೇಡ." ಒಂದೊಂದಕ್ಕೂ ನಿಂತು, ತಲೆ ವಾಲಿಸಿ ಕೇಳಿಸಿಕೊಂಡಳು. ಅವನು ವಕ್ರವಕ್ರ ಗಂಟು ಹಾಕುತ್ತಲೇ ಇದ್ದ. ಕಾಲು ಮರಗಟ್ಟಿತ್ತು, ಏಳಲಿಲ್ಲ.

ಕೊನೆಗೆ ಅವಳು ದಾರಗಳಿಗೆ ಹಣೆಯಾನಿಸಿದಳು. "ಅಕ್ಕ, ನನಗೆ ಹಸಿವಾಗ್ತಿದೆ. ಊಟಕ್ಕೆ ಏಳ್ತೀನಿ. ನೀನೂ ಏಳು. ಸಾಕು."

ಅವಳಿಗೆ ಏನು ಉತ್ತರ ಕೇಳಿಸಿತೋ, ಅವನು ವಿಚಾರಿಸಲಿಲ್ಲ. ಆದರೆ ಅವನ ಕೆಳಗಿನ ಹಲಗೆ ಮೆಲ್ಲಗೆ, ಎಲ್ಲ ಹಲಗೆಗಳಂತೆ, ಬೆಚ್ಚಗಾಯಿತು.

ಉಳಿದ ಸಾಲುಗಳನ್ನು ಅವಳು ತನ್ನ ಬಲಗೈಯಲ್ಲೇ ಹಾಕಿ ಮುಗಿಸಿದಳು. ಅವನು ಕೂಗಿದಾಗ ಒಂದೇ ಉತ್ತರ, ಒಡಕಾದದ್ದು. ಗಂಬಳಿಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದ ದಿನ ಚಿಕ್ಕಮ್ಮ ಬಲಮೂಲೆಯ ಒಂದು ಪಟ್ಟಿಯನ್ನು ನೋಡಿ, "ಇದ್ಯಾವ ಕೋಳಿ ಕೆದರಿದ್ದು?" ಎಂದಳು. ಚಿಕ್ಕಮ್ಮ ಆ ಪಟ್ಟಿಯ ಮೇಲೆ ಅಂಗೈ ಆಡಿಸಿ, ಅವರಿಬ್ಬರ ಮುಖ ನೋಡಿ, "ಇರಲಿ, ಬಿಚ್ಚೋದು ಬೇಡ," ಎಂದು ಒಳಗೆ ಹೋದಳು.

ಅಂಗಳದಲ್ಲಿ ಇಬ್ಬರೂ ಗಂಬಳಿಗೆ ನೀರು ಹೊಯ್ದು ಮರದ ಹಲಗೆಯಿಂದ ಬಳಿದು ತೊಳೆದರು. ಬಣ್ಣಗಳು ಎದ್ದು ಬಂದವು. ಅದನ್ನು ಗೋಡೆಯ ಮೇಲೆ ಒಣಹಾಕುವಷ್ಟರಲ್ಲಿ ಇಬ್ಬರ ತೋಳೂ ಸೋತುಹೋಗಿತ್ತು.

"ಇನ್ನು ನನಗೆ ಏನೂ ಕೇಳಿಸಲ್ಲ," ಎಂದ ಅವನು, ಪಾದ ನೋಡುತ್ತ. "ಇನ್ನೂ ನಾನು ಬೇಕಾ ನಿಮಗೆ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅವತ್ತು ಜಗಳ ಆಡಿ ಬರಿಗಾಲಲ್ಲಿ ಹೋದ್ನಲ್ಲ. ದಾರಿ ಉದ್ದಕ್ಕೂ ಅಕ್ಕನ ದನಿ ನೆನಪು ಮಾಡ್ಕೊಳ್ಳೋಕೆ ನೋಡಿದೆ. ಬರೀ ನಿನ್ನದೇ ಬರ್ತಿತ್ತು. ಎರಡು ಕೆಂಪು, ಒಂದು ನೀಲಿ. ಅದಕ್ಕೇ ಮರುದಿನ ನೀನು ಅಕ್ಕನ ಜಾಗದಲ್ಲಿ ಕೂತಿದ್ದಾಗ ನನಗೆ ಅಷ್ಟು ಸಿಟ್ಟು ಬಂದಿದ್ದು."

ಅವನು ತಲೆಯೆತ್ತಿದ. ಅವಳು ಅವನನ್ನು ಎರಡು ಕಣ್ಣಿನಿಂದಲೂ ನೋಡುತ್ತಿದ್ದಳು, ನಡುವೆ ಒಂದು ದಾರವೂ ಇಲ್ಲದೆ. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಅವಳ ಕೈಯನ್ನು ಅವನು ಹಿಡಿದುಕೊಂಡ.

ಹಿಂದೆ ಗಂಬಳಿ ಅಲುಗಿತು. ಇಬ್ಬರೂ ತಿರುಗಿ ನೋಡಿದರು.

"ಗಾಳಿ," ಎಂದ ಅವನು.

"ಹೂಂ," ಎಂದಳು ಅವಳು. ಆದರೂ ಸ್ವಲ್ಪ ಹೊತ್ತು ಆ ಕಡೆಗೇ ನೋಡುತ್ತಿದ್ದಳು. ಅವನು ಕೈ ಬಿಡಲಿಲ್ಲ.