ಎಲೆ ಒತ್ತದ ಕೋಲು

ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಒಂದು ಕೆಂಪು ಕುಂಕುಮದ ಭರಣಿ ನಿಧಾನವಾಗಿ ತಿರುಗುತ್ತಿತ್ತು. ಕೂದಲಿಗಿಂತ ತೆಳ್ಳಗಿನ ನೀಲಿ ಬೆಳಕಿನ ಗೆರೆಯೊಂದು ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ ಸರಿಯುತ್ತಿತ್ತು. ಪಕ್ಕದ ಪೆಟ್ಟಿಗೆಯಿಂದ ಮೊದಲು ಬರೀ ಗೊರಗೊರ ಸದ್ದು ಬಂತು. ಆಮೇಲೆ ಗುಬ್ಬಚ್ಚಿಗಳ ಚಿಲಿಪಿಲಿ, ಅದರ ಹಿಂದೆಯೇ ಜಟಕಾ ಕುದುರೆಯ ಗೆಜ್ಜೆ, ಕೊನೆಗೆ ಯಾರೋ ಕೆಮ್ಮಿದ್ದು. ಚನ್ನಪಟ್ಟಣದ ಬೊಂಬೆ ಸಂಗ್ರಹಾಲಯದಲ್ಲಿ ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಊರಿನಲ್ಲಿ ಜಟಕಾ ಓಡಾಡುವುದು ನಿಂತು ಎಷ್ಟೋ ಕಾಲವಾಗಿತ್ತು. ಗುಬ್ಬಚ್ಚಿಗಳು ಎಂದು ಹೋದವು ಎಂಬುದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ಆ ಯಂತ್ರದ ಹೆಸರು ನಾದದರ್ಶಕ. ಅದನ್ನು ಕಟ್ಟಿದವರು ಡಾ. ಗುರುಪಾದ ಹೂಗಾರ. ಧಾರವಾಡದ ಕಡೆಯವರು, ಬೆಳಕಿನ ಅಲೆಗಳನ್ನು ಅಧ್ಯಯನ ಮಾಡುತ್ತ ತಲೆಗೂದಲನ್ನು ಅರ್ಧ ಕಳೆದುಕೊಂಡವರು. ಯಂತ್ರದ ತತ್ವವನ್ನು ಅವರು ಎಲ್ಲರಿಗೂ ತಿಳಿಯುವಂತೆ ವಿವರಿಸಿದರು. ಚನ್ನಪಟ್ಟಣದ ಕುಶಲಕರ್ಮಿ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಅಂಟುತ್ತದೆ. ಅದು ಗಟ್ಟಿಯಾಗುವ ಮುನ್ನ ಸುತ್ತ ಯಾರಾದರೂ ಮಾತನಾಡಿದರೆ ಗಾಳಿ ನಡುಗುತ್ತದೆ, ಗಾಳಿಯೊಡನೆ ಕುಶಲಕರ್ಮಿಯ ಕೈಯಲ್ಲಿರುವುದೂ ನಡುಗುತ್ತದೆ. ಆ ನಡುಕ ಮೆತ್ತನೆಯ ಅರಗಿನ ಮೇಲೆ ಕಣ್ಣಿಗೆ ಕಾಣದ ಗೀರಾಗಿ ಉಳಿಯುತ್ತದೆ. ಇದಕ್ಕೆ ಅವರು ನಾದರೇಖೆ ಎಂದು ಹೆಸರಿಟ್ಟಿದ್ದರು. ಹಳೆಯ ಗ್ರಾಮಫೋನ್ ತಟ್ಟೆಯ ಗೀರಿನ ಮೇಲೆ ಮುಳ್ಳು ಓಡಿದಂತೆ ನಾದದರ್ಶಕದ ಬೆಳಕು ಈ ರೇಖೆಗಳ ಮೇಲೆ ಓಡಿ, ಕಳೆದುಹೋದ ಸದ್ದನ್ನು ಮತ್ತೆ ಕೇಳಿಸುತ್ತಿತ್ತು.

ಒಂದೇ ಒಂದು ಕೊರತೆ ಎಂದರೆ, ಕೆಲವು ವಸ್ತುಗಳು ಮಾತನಾಡುತ್ತಿದ್ದವು, ಹೆಚ್ಚಿನವು ಮೂಗಬಸವನ ಹಾಗೆ ಸುಮ್ಮನಿರುತ್ತಿದ್ದವು. ಯಾಕೆ ಎಂದು ಹೂಗಾರರಿಗೆ ಗೊತ್ತಿರಲಿಲ್ಲ. ವಿಜ್ಞಾನಿಗಳು ಇಂಥದ್ದನ್ನು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಹೂಗಾರರೂ ಹಾಗೆಯೇ ಮಾಡಿದ್ದರು.

ಸುದ್ದಿ ಊರಿನಲ್ಲಿ ಹರಡಿದ ಮರುವಾರ ಖೈರುನ್ನಿಸಾ ಬಂದರು. ಅರವತ್ತು ದಾಟಿದ ದರ್ಜಿ ಹೆಂಗಸು. ಯಂತ್ರವೇ ಅಳತೆ ತೆಗೆದು ಬಟ್ಟೆ ಹೊಲಿದುಕೊಡುವ ಆ ಕಾಲದಲ್ಲೂ ರವಿಕೆಯನ್ನು ಮಾತ್ರ ಖೈರಮ್ಮನೇ ಹೊಲಿಯಬೇಕು ಎನ್ನುವ ಹೆಂಗಸರು ಪೇಟೆಯಲ್ಲಿ ಇದ್ದರು. ಕೈಚೀಲದಿಂದ ಅವರು ಒಂದೊಂದಾಗಿ ತೆಗೆದಿಟ್ಟದ್ದನ್ನು ನೋಡಿ ಹೂಗಾರರು ಎದ್ದು ನಿಂತರು. ಹಳದಿ ಬುಗುರಿ, ಹಸಿರು ಗಿಲಕಿ, ಒಂದರೊಳಗೊಂದು ಕೂರುವ ಡಬ್ಬಿಗಳು. ಒಂದೊಂದೂ ಅದೇ ತಾನೆ ನೀರಿನಿಂದ ಎತ್ತಿದಂತೆ ಹೊಳೆಯುತ್ತಿತ್ತು.

ಅವು ಖೈರುನ್ನಿಸಾರ ತಂದೆ ಖುದ್ದೂಸ್ ಉಸ್ತಾದರ ಕೈಕೆಲಸ. ಊರಿಗೆಲ್ಲ ವಿದ್ಯುತ್ ಮೋಟಾರು ಬಂದ ಮೇಲೂ ದೊಡ್ಡ ಮರದ ಚಕ್ರವನ್ನು ಕೈಯಲ್ಲಿ ತಿರುಗಿಸುವ ಹಳೆಯ ಲೇತನ್ನೇ ಕೊನೆಯವರೆಗೂ ಇಟ್ಟುಕೊಂಡಿದ್ದವರು. ಮೊಬೈಲು ಮನೆಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವರ ಒಂದು ಫೋಟೋ ಇತ್ತು, ಧ್ವನಿ ಎಲ್ಲಿಯೂ ಇರಲಿಲ್ಲ. ಫೋಟೋದ ಮುಖ ನೋಡಿ ಧ್ವನಿ ಕಟ್ಟಿಕೊಡುವ ತಂತ್ರಾಂಶವೊಂದು ಬಂದಿದೆ ಎಂದು ಅಣ್ಣನ ಮಗ ಅದನ್ನೂ ಮಾಡಿಸಿ ಕೇಳಿಸಿದ್ದ. ಖೈರುನ್ನಿಸಾ ಸಮಾಧಾನವಾಗಿ ಪೂರ್ತಿ ಕೇಳಿ, ಇದು ಯಾರೋ ವಾರ್ತೆ ಓದುವವರದ್ದು ಎಂದಿದ್ದರು.

"ಮೊದಲು ಕಣ್ಣು ಮುಚ್ಚಿದ್ರೆ ಕೇಳಿಸೋದು ಸಾರ್," ಎಂದರು ಅವರು. "ಈಗ ಕಣ್ಣು ಮುಚ್ಚಿದ್ರೆ ಅಬ್ಬಾನ ಬಾಯಿ ಆಡೋದು ಕಾಣ್ತದೆ, ಮಾತು ಬರಲ್ಲ. ಬೈದಿದ್ದರೂ ಪರವಾಗಿಲ್ಲ, ಒಂದೇ ಒಂದು ಮಾತು ಇದ್ರೆ ನೋಡಿ. ನಾನೂ ಹೋಗ್ಬಿಟ್ರೆ ಆ ಧ್ವನಿ ಹಿಂಗಿತ್ತು ಅನ್ನೋರು ಒಬ್ರೂ ಇರಲ್ಲ."

ಹೂಗಾರರು ಅಂದೇ ಕೆಲಸಕ್ಕೆ ಕುಳಿತರು. ಬುಗುರಿ ತಿರುಗಿತು, ನೀಲಿ ಗೆರೆ ಸರಿಯಿತು, ಪೆಟ್ಟಿಗೆಯಿಂದ ಉಸಿರಿನಷ್ಟು ಸದ್ದೂ ಬರಲಿಲ್ಲ. ಗಿಲಕಿಯೂ ಹಾಗೆಯೇ, ಡಬ್ಬಿಗಳೂ ಹಾಗೆಯೇ. ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಉಸ್ತಾದರ ಹೆಸರು ಹೊತ್ತು ಕುಳಿತಿದ್ದ ಚದುರಂಗದ ಕಾಯಿಗಳನ್ನು ಈಚೆ ತೆಗೆಸಿದರು. ಮೈಸೂರಿನ ಒಬ್ಬ ಸಂಗ್ರಾಹಕರಿಂದ ಎರಡು ಹೂದಾನಿ ತರಿಸಿದರು. ಎಲ್ಲವೂ ಮೌನ. ಪ್ರತಿ ಶುಕ್ರವಾರ ಮಧ್ಯಾಹ್ನ ಖೈರುನ್ನಿಸಾ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು, ಸಂಜೆ ಏನೂ ಕೇಳದೆ ಎದ್ದು ಹೋಗುತ್ತಿದ್ದರು. ಅವರು ಏನಾದರೂ ಕೇಳಿದ್ದರೆ ಹೂಗಾರರಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೊಂದು ಶುಕ್ರವಾರ ಹೂಗಾರರೇ ಬಾಯಿಬಿಟ್ಟರು. ಸೂಕ್ಷ್ಮದರ್ಶಕದ ಪರದೆಯ ಮೇಲೆ ಉಸ್ತಾದರ ಬುಗುರಿಯ ಮೈಯನ್ನು ಸಾವಿರ ಪಟ್ಟು ಹಿಗ್ಗಿಸಿ ತೋರಿಸಿದರು. ಗಾಳಿಯಿಲ್ಲದ ದಿನದ ಕೆರೆಯ ಹಾಗೆ ಅದು ನುಣ್ಣಗಿತ್ತು.

"ನಿಮ್ಮ ಅಪ್ಪಾರು ಭಾಳ ಚಲೋ ಕೆಲಸಗಾರ್ರಿ," ಎಂದರು. "ಅದ ತೊಂದರಿ ಆಗೇದ ನೋಡ್ರಿ. ಒಂದು ಗೀರೂ ಉಳಿಸಿಲ್ಲ."

ಖೈರುನ್ನಿಸಾ ಪರದೆಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ದುಃಖದ ಜೊತೆ ಚೂರು ಹೆಮ್ಮೆಯೂ ಇತ್ತು. ಇನ್ನು ಬರುವ ಅಗತ್ಯವಿಲ್ಲ ಎಂಬುದು ಇಬ್ಬರಿಗೂ ಅರ್ಥವಾಗಿತ್ತು. ಹಾಗೆಂದು ಹೇಳಲಾಗದೆ ಹೂಗಾರರು ಚಹಾ ತರಿಸಿದರು. ಹೇಳಲಾಗದ ಮಾತಿಗೆ ಚಹಾ ಕೊಡುವುದು ನಮ್ಮವರ ಹಳೆಯ ಪದ್ಧತಿ.

ಚಹಾ ಕುಡಿಯುತ್ತ ಖೈರುನ್ನಿಸಾ ತಂದೆ ಕೆಲಸ ಮಾಡುತ್ತಿದ್ದ ಪಟ್ಟಡೆಯ ಮಾತು ತೆಗೆದರು. ಹೆಂಚಿನ ಸಂದಿಯಿಂದ ಬೀಳುವ ಬಿಸಿಲು, ಬೊಂಬೆಗೆ ಬಳಸುವ ಹಸಿ ಹಾಲೆ ಮರದ ವಾಸನೆ, ಕಾಲಿನ ಬೆರಳ ಸಂದಿಯಲ್ಲೆಲ್ಲ ಬಿಳಿ ಹೊಟ್ಟು. ಅಲ್ಲಿ ಉಸ್ತಾದರದ್ದೇ ಕಟ್ಟಳೆಗಳು. ಕಲಿಯಲು ಎಲ್ಲ ಜಾತಿಯ ಮಕ್ಕಳೂ ಬರುತ್ತಿದ್ದುದರಿಂದ ಪಟ್ಟಡೆಯ ಹೊಸಿಲು ದಾಟಿದರೆ ಕನ್ನಡವೇ. ಮನೆಯಲ್ಲಿ ಉರ್ದುವಿನಲ್ಲಿ ಮುದ್ದು ಮಾಡುವ ತಂದೆ ಅಲ್ಲಿ ಮಗಳಿಗೂ ಕನ್ನಡದಲ್ಲೇ ಬೈಯುತ್ತಿದ್ದರು. ತಾವು ಕೆಲಸಕ್ಕೆ ಕುಳಿತಾಗ ಮಾತ್ರ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಬೇರೆ ಕಡೆಗಳಲ್ಲಿ ಕಲಿಯುವವನು ಚಕ್ರ ತಿರುಗಿಸಬೇಕು, ಉಸ್ತಾದ್ ಕೆಲಸ ಮಾಡಬೇಕು. ಇವರ ಪಟ್ಟಡೆಯಲ್ಲಿ ಹೊಸಬರು ಮೊದಲ ಸಲ ಲೇತಿನ ಮುಂದೆ ಕುಳಿತ ದಿನಗಳಲ್ಲಿ ಉಸ್ತಾದರೇ ಚಕ್ರ ಹಿಡಿಯುತ್ತಿದ್ದರು. ಚಕ್ರದ ವೇಗ ಗುರುವಿನ ಕೈಯಲ್ಲಿದ್ದರೆ ಕಲಿಯುವವನ ಕೈ ಹೆದರುವುದಿಲ್ಲ ಎಂದು ಅವರ ವಾದ.

"ಆದ್ರೂ ನಂಗೆ ಹೆದರಿಕೆ ಹೋಗಲಿಲ್ಲ," ಎಂದು ಖೈರುನ್ನಿಸಾ ಎಡಗೈಯ ತೋರುಬೆರಳು ತೋರಿಸಿದರು. ಅಲ್ಲಿ ಹಳೆಯ ಕಲೆಯೊಂದು ಬಿಳಿ ದಾರದಂತೆ ಉಳಿದಿತ್ತು. ಅರಗು ಹಚ್ಚಿದ ಮೇಲೆ ತಿರುಗುತ್ತಿರುವ ಸಾಮಾನಿಗೆ ಕೇದಗೆಯ ಎಲೆ ಹಿಡಿದು ಬಲವಾಗಿ ಒತ್ತಬೇಕು, ಆಗಲೇ ಹೊಳಪು ಬರುವುದು. ಕೇದಗೆ ಎಲೆಯ ಅಂಚಿಗೆ ಮುಳ್ಳು. ಮುಳ್ಳನ್ನು ಸೀಳಿ ತೆಗೆದೇ ಕೊಡುತ್ತಿದ್ದರು, ಆದರೂ ಒಂದು ದಿನ ಉಳಿದಿದ್ದ ಮುಳ್ಳು ಬೆರಳನ್ನು ಸೀಳಿತ್ತು. ಆಮೇಲೆ ಹುಡುಗಿ ಎಲೆಯನ್ನು ಒತ್ತಲೇ ಇಲ್ಲ, ಸುಮ್ಮನೆ ತಾಗಿಸುತ್ತಿದ್ದಳು. ಅಬ್ಬಾ ಚಕ್ರ ತಿರುಗಿಸುತ್ತ ಹೇಳಿದರು, ಹೇಳಿದರು, ಸಾಕಾಗಿ ಹೋದರು. ಎರಡು ವರ್ಷದ ಮೇಲೆ ಅವಳನ್ನು ಹೊಲಿಗೆ ಕಲಿಯಲು ಕಳಿಸಿದರು.

ಹೂಗಾರರು ಚಹಾದ ಲೋಟವನ್ನು ಕೆಳಗಿಟ್ಟರು.

ಸಣ್ಣವರಿದ್ದಾಗ ಅವರೂ ಎಲೆಯ ಪೀಪಿ ಮಾಡಿ ಊದಿದ್ದರು. ಎರಡು ಹೆಬ್ಬೆರಳ ನಡುವೆ ಎಲೆಯನ್ನು ಬಿಗಿಯಾಗಿ ಅದುಮಿ ಹಿಡಿದರೆ ಸದ್ದು ಹೊರಡದು, ಹಗುರವಾಗಿ ಹಿಡಿದರೆ ಎಲೆ ನಡುಗಿ ಹಾಡುತ್ತದೆ. ಇಷ್ಟು ದಿನ ಅವರು ಅರಗಿನ ಕಡ್ಡಿಯೇ ಸದ್ದನ್ನು ಬರೆಯುತ್ತದೆ ಎಂದುಕೊಂಡಿದ್ದರು. ಕಡ್ಡಿಯಲ್ಲ, ಎಲೆ. ಬಲವಾಗಿ ಒತ್ತಿದ ಎಲೆ ಎಲ್ಲ ಗೀರನ್ನೂ ನುಣ್ಣಗೆ ಅಳಿಸಿಹಾಕುತ್ತದೆ. ಹೆದರಿ ಹೆದರಿ ಹಿಡಿದ ಎಲೆ ಕಿವಿಯ ತಮಟೆಯ ಹಾಗೆ ಪ್ರತಿ ಮಾತಿಗೂ ನಡುಗುತ್ತದೆ, ತನ್ನ ಅಂಚಿನಿಂದ ಆ ನಡುಕವನ್ನು ಬಿಸಿ ಅರಗಿನ ಮೇಲೆ ಬರೆಯುತ್ತದೆ. ಅವರು ಎದ್ದು ಹೋಗಿ ಆ ಕೆಂಪು ಕುಂಕುಮದ ಭರಣಿಯನ್ನು ತಂದು ಬೆರಳಿನಿಂದ ಸವರಿದರು. ಒರಟಾಗಿತ್ತು. ಅದನ್ನು ಅವರು ಆರಿಸಿದ್ದು ಕಪಾಟಿನಿಂದಲ್ಲ. ಹಾಳಾದರೂ ಚಿಂತೆಯಿಲ್ಲ ಎಂದು ಅಟ್ಟದ ಮೇಲಿನ ಬೇಡದ ಸಾಮಾನಿನ ರಾಶಿಯಿಂದ ತೆಗೆದುಕೊಂಡಿದ್ದರು. ಮಾತನಾಡಿದ ವಸ್ತುಗಳೆಲ್ಲ ಆ ರಾಶಿಯಿಂದಲೇ ಬಂದಿದ್ದವು.

"ಅಮ್ಮಾರ, ನೀವು ಮಾಡಿದ್ದು ಏನರ ಐತೇನ್ರಿ?" ಎಂದು ಕೇಳಿದರು.

ತಾನು ಮಾಡಿದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಖೈರುನ್ನಿಸಾ ನಕ್ಕರು. ಕಲಿಯುವವರು ಮೊದಲು ಕೋಲಾಟದ ಕೋಲುಗಳನ್ನು ಮಾಡುತ್ತಿದ್ದರು. ಉದ್ದನೆಯ ನೇರ ಕೋಲು, ಯಾರಾದರೂ ಮಾಡಬಹುದಾದದ್ದು. ಕೆಟ್ಟದ್ದನ್ನು ಮಾರುವುದು ಉಸ್ತಾದರಿಗೆ ಮರ್ಯಾದೆಯ ಪ್ರಶ್ನೆ. ಮಗಳ ಕೋಲುಗಳೆಲ್ಲ ಸ್ನಾನದ ಒಲೆಗೆ ಹೋದವು. ಇಷ್ಟು ಹೇಳುವಷ್ಟರಲ್ಲಿ ಅವರ ನಗು ನಿಂತಿತ್ತು. ಆ ಮನೆಯವರೆಲ್ಲ ಅಷ್ಟು ವರ್ಷ ಏನನ್ನು ಸುಟ್ಟು ನೀರು ಕಾಯಿಸಿದರು ಎಂಬುದು ಅವರಿಗೆ ಆಗ ಹೊಳೆಯಿತು. ಚೀಲ ಎತ್ತಿಕೊಂಡು ಹೊರಟುಬಿಟ್ಟರು.

ಮರುದಿನ ಬೆಳಿಗ್ಗೆ ಅವರು ಒಂದು ಮಗುವಿನ ಲಂಗಕ್ಕೆ ಅಂಚು ಹೊಲಿಯುತ್ತಿದ್ದರು. ಹೊಲಿಗೆ ಯಂತ್ರದ ಖಾನೆಗೆ ಕೈಹಾಕಿ ಬಿಳಿ ಲೇಸನ್ನು ಎಳೆದರು. ಲೇಸು ಸುತ್ತಿದ್ದ ಕೋಲು ಉರುಳಿ ಮಡಿಲಿಗೆ ಬಿತ್ತು. ಉಳಿದ ಲೇಸಿನ ಅಡಿಯಿಂದ ನೇರಳೆ ಬಣ್ಣ ಇಣುಕಿತು. ಪಟ್ಟಡೆ ಬಿಟ್ಟು ಹೊಲಿಗೆಗೆ ಹೋದ ದಿನ, ಏನಾದರೂ ಸುತ್ತಿಡಲು ಆಗುತ್ತದೆಂದು ಒಲೆಯ ಪಕ್ಕದಿಂದ ತಾನೇ ಎತ್ತಿಕೊಂಡಿದ್ದ ಕೋಲು. ಒಂದು ಲೇಸು ಮುಗಿದರೆ ಇನ್ನೊಂದನ್ನು ಸುತ್ತುತ್ತ ಬಂದಿದ್ದರಿಂದ ಅದರ ಮೈಗೆ ಬಿಸಿಲೂ ಧೂಳೂ ತಾಕಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಅವರು ಯಂತ್ರದ ಪಾದದಡಿ ಲಂಗವನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿದರು.

ಸಂಗ್ರಹಾಲಯದ ಮೇಜಿನ ಮೇಲೆ ಕೋಲು ತಿರುಗಿತು. ಮೊದಲು ಬಂದದ್ದು ಕಿರ್ರೋ ಕಿರ್ರೋ ಎಂಬ ಸದ್ದು, ಎಣ್ಣೆ ಕಾಣದ ಮರದ ಚಕ್ರದ್ದು. ಅದರ ಹಿಂದಿನಿಂದ, ಸ್ವಲ್ಪ ದೂರದಿಂದ, ಬೀಡಿ ಸೇದಿ ಒರಟಾದ ಒಂದು ಗಂಡು ಧ್ವನಿ:

"ಎಲೆ ಒತ್ತು, ಖೈರೂ. ಒತ್ತು ಅಂದ್ರೆ. ಹೇಳಿ ಹೇಳಿ ನನ್ನ ಗಂಟಲೇ ಬಿದ್ದೋಯ್ತು."

ಆಮೇಲೆ ತೀರಾ ಹತ್ತಿರದಿಂದ, ಎಲೆಗೆ ತುಟಿ ತಾಗುವಷ್ಟು ಹತ್ತಿರದಿಂದ, ಒಂದು ಸಣ್ಣ ಹುಡುಗಿಯ ಧ್ವನಿ:

"ಒತ್ತಿದೀನಿ ಅಬ್ಬಾ."

ಕೋಲು ಮುಗಿಯಿತು. ಖೈರುನ್ನಿಸಾ ಸ್ಟೂಲಿನ ಅಂಚನ್ನು ಹಿಡಿದುಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ಹೂಗಾರರಿಗೆ ತಿಳಿಯಲಿಲ್ಲ, ಬಹುಶಃ ಎರಡೂ ಒಟ್ಟಿಗೆ. ಏನಾದರೂ ಮಾಡಬೇಕೆನಿಸಿ ಹೂಗಾರರು, ಚಕ್ರದ ಕಿರುಗುಟ್ಟುವಿಕೆಯನ್ನು ಸೋಸಿ ತೆಗೆದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ, ಒಂದು ನಿಮಿಷದ ಕೆಲಸ ಎಂದರು.

"ಅದನ್ನ ತೆಗೀಬೇಡಿ ಸಾರ್," ಎಂದರು ಖೈರುನ್ನಿಸಾ. "ಚಕ್ರ ತಿರುಗಿಸ್ತಿರೋದೂ ಅವರೇ ಅಲ್ವಾ."

ಇನ್ನೊಮ್ಮೆ ಕೇಳಿದರು. ಮತ್ತೊಮ್ಮೆ ಕೇಳಿದರು. ಹುಡುಗಿ ಮತ್ತೆ ಮತ್ತೆ ಅದನ್ನೇ ಹೇಳಿದಳು.

"ಸುಳ್ಳು ಹೇಳ್ತಿದೀನಿ," ಎಂದು ಕಣ್ಣೊರೆಸಿಕೊಂಡರು. "ಒತ್ತಿರ್ಲಿಲ್ಲ."

"ಒತ್ತಿದ್ರ..." ಎಂದು ಹೂಗಾರರು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಒತ್ತಿದ್ದರೆ ಆ ಕೋಲು ಮಾರಾಟವಾಗಿ ಯಾವುದೋ ಶಾಲೆಯ ಮಕ್ಕಳ ಕೈಯಲ್ಲಿ ಬಡಿದಾಡಿ ಸವೆದುಹೋಗುತ್ತಿತ್ತು. ಉಸ್ತಾದರ ಮಾತನ್ನು ಮಗಳು ಕೇಳಿದ್ದರೆ ಆ ಮಾತು ಇಂದು ಯಾರಿಗೂ ಕೇಳಿಸುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಹೂಗಾರರ ಯಾವ ಲೆಕ್ಕಾಚಾರವೂ ಊಹಿಸಿರಲಿಲ್ಲ. ಊರಿನವರು ಗಾಜಿನ ಕಪಾಟಿನ ಸಾಮಾನುಗಳನ್ನು ಬಿಟ್ಟು ತಮ್ಮ ಅಟ್ಟ ಹತ್ತಿದರು. ಸೊಟ್ಟ ಬುಗುರಿ, ಮಚ್ಚೆ ಬಿದ್ದ ಗಿಲಕಿ, ಯಾವುದೋ ಕಾಲದಲ್ಲಿ ನಾಚಿಕೆಯಿಂದ ಬಚ್ಚಿಟ್ಟ ಡಬ್ಬಿ ಎಲ್ಲ ಸಂಗ್ರಹಾಲಯದ ಬಾಗಿಲಿಗೆ ಬಂದವು. ಹೆಸರಾಂತ ಗುರುಗಳ ಧ್ವನಿ ಅವರ ಸ್ವಂತ ಕೆಲಸದಲ್ಲಿ ಒಂದೂ ಸಿಗಲಿಲ್ಲ, ಅವರ ದಡ್ಡ ಶಿಷ್ಯರು ಕೆಡಿಸಿಟ್ಟ ಸಾಮಾನಿನಲ್ಲಿ ಬೇಕಾದಷ್ಟು ಸಿಕ್ಕಿತು. ಪಟ್ಟಡೆಗಳಲ್ಲಿ ಈಗಲೂ ಹೊಸಬರಿಗೆ ಎಲೆ ಒತ್ತು ಎಂದೇ ಗದರಿಸುತ್ತಾರೆ. ಆದರೆ ಒತ್ತದೆ ಕೆಟ್ಟ ಕೋಲನ್ನು ಒಲೆಗೆ ಹಾಕುವವರು ಊರಿನಲ್ಲಿ ಯಾರೂ ಇಲ್ಲ.

ಸಂಗ್ರಹಾಲಯದವರು ನೇರಳೆ ಕೋಲಿಗಾಗಿ ಖೈರುನ್ನಿಸಾರ ಮನೆಗೇ ಬಂದರು. ಉಸ್ತಾದರ ಚದುರಂಗದ ಕಾಯಿಗಳ ಪಕ್ಕದಲ್ಲಿ, ಗಾಜಿನ ಕಪಾಟಿನಲ್ಲಿ, ಒಳ್ಳೆಯ ದೀಪದ ಕೆಳಗೆ ಇಡುತ್ತೇವೆ ಎಂದರು. ಖೈರುನ್ನಿಸಾ ಅವರಿಗೆ ಚಹಾ ಕೊಟ್ಟು, ಆಗುವುದಿಲ್ಲ ಎಂದರು.

"ಇದು ಕೆಟ್ಟ ಕೋಲು. ಅಬ್ಬಾ ಮಾಡಿದ ಸಾಮಾನಿನ ಪಕ್ಕ ಇಟ್ರೆ ಅವರು ಸುಮ್ನಿರಲ್ಲ."

ಬಂದವರು ಹೋದ ಮೇಲೆ ಅವರು ಹೊಲಿಗೆ ಯಂತ್ರದ ಮುಂದೆ ಕುಳಿತು, ಉಳಿದ ಲೇಸನ್ನು ಕೋಲಿಗೆ ಮೊದಲಿನಂತೆಯೇ ಸಡಿಲವಾಗಿ ಸುತ್ತಿ ಖಾನೆಯೊಳಗೆ ಇಟ್ಟರು.