ವರಸೆಯಲ್ಲಿ ಅಣ್ಣ

ಶಿವು ಸೊಂಟ ಹಿಡಿದು ಎತ್ತಿದ್ದೇ ತಡ, ವಾಣಿ ಮೈ ಬಿಗಿಹಿಡಿದಳು. ಇಬ್ಬರೂ ಧೊಪ್ಪನೆ ಬಿದ್ದರು. ಬೆಳಿಗ್ಗೆಯಿಂದ ಇದು ಮೂರನೇ ಸಲ.

ನಂಜನಗೂಡಿನ ಮುಚ್ಚಿದ ರೈಸ್‌ಮಿಲ್ಲಿನ ಸಿಮೆಂಟ್ ಕಣವೇ ಇವರ ಸ್ಕೇಟಿಂಗ್ ರಿಂಕು. ಸ್ಕೇಟಿಂಗಿಗೆ ಬರುವ ಹುಡುಗರೆಲ್ಲ ರೇಸಿಗೆ ಸಾಯುತ್ತಾರೆ. ಹುಡುಗಿಯ ಕೈಹಿಡಿದು ಆಡುವ ಜೋಡಿ ಆಟಕ್ಕೆ ಬಾ ಅಂದರೆ ಒಬ್ಬನೂ ಇತ್ತ ತಲೆ ಹಾಕುವುದಿಲ್ಲ. ಬಂದರೂ ಯಾವ ಮನೆಯವರು ಮಗಳನ್ನು ಕಳಿಸುತ್ತಾರೆ, ಹೇಳಿ! ಅದಕ್ಕೇ ಸುತ್ತಮುತ್ತ ಇದ್ದ ಜೋಡಿಗಳೆಲ್ಲ ಒಡಹುಟ್ಟಿದವರದೇ. ಅಣ್ಣನಿಗೆ ಕೆಲಸ ಸಿಕ್ಕಿತೋ, ತಂಗಿಗೆ ಗಂಡು ಗೊತ್ತಾಯಿತೋ, ಅಲ್ಲಿಗೆ ಆಟ ಮುಗಿಯಿತು.

ಇಪ್ಪತ್ತಮೂರರ ವಾಣಿಗೆ ಒಡಹುಟ್ಟಿದವರಿಲ್ಲ. ಟಿ. ನರಸೀಪುರದ ಶಿವು ದೂರದ ನೆಂಟ. ಎರಡು ವರ್ಷದ ಹಿಂದೆ ಅವಳ ಅಜ್ಜಿ ಕೆಂಪಾಜಮ್ಮನ ಮುಂದೆ ಕೂತು, ತಾನು ವರಸೆಯಲ್ಲಿ ಅಣ್ಣನಾಗಬೇಕು ಅಂತ ಹಸಿ ಸುಳ್ಳು ಹೇಳಿ ಜೋಡಿ ಆಟಕ್ಕೆ ಒಪ್ಪಿಸಿದ್ದ. ಅಂದಿನಿಂದ ಮನೆಯಲ್ಲಿ ಅವನನ್ನು ಶಿವಣ್ಣ ಅನ್ನಬೇಕು. ಈಚೆಗೆ ಆ ಮಾತು ಬಾಯಿಗೇ ಬರುವುದಿಲ್ಲ. ಅವನು ಬೆವರೊರೆಸಿಕೊಂಡು ಓರೆಗಣ್ಣಲ್ಲಿ ನೋಡಿದರೆ ಸಾಕು, ಹಾಳಾದ ಕಾಲು ಹೇಳಿದ ಮಾತು ಕೇಳುವುದಿಲ್ಲ.

"ಏನಾಗದೆ ನಿಂಗೆ?" ಅಂದ ಶಿವು. "ಬರೋ ತಿಂಗಳು ಸ್ಟೇಟ್ ಸೆಲೆಕ್ಷನ್ನು."

"ಭಾನುವಾರ ಗಂಡಿನ ಕಡೆಯೋರು ಬತ್ತಾವ್ರೆ. ಅಣ್ಣನ ಜಾಗದಲ್ಲಿ ನೀನೇ ನಿಂತ್ಕಬೇಕಂತೆ." ವಾಣಿ ಅವನ ಮುಖ ನೋಡದೆ ಸ್ಕೇಟಿನ ಲೇಸು ಎಳೆಯುತ್ತ ಅಂದುಬಿಟ್ಟಳು, "ನಿನ್ನ ಅಣ್ಣ ಅನ್ನಕ್ಕೆ ನನ್ ಕೈಲಾಗಲ್ಲ ಶಿವು."

ಅವನು ಅವಳ ಕೈಯಿಂದ ಲೇಸು ತೆಗೆದುಕೊಂಡು ಗಂಟು ಹಾಕಿದ. "ನಂಗೂ ಅಷ್ಟೇ. ಹೇಳುದ್ರೆ ಆಟ ಬುಡುಸ್ತಾರೆ ಅಂತ ಬಾಯ್ ಮುಚ್ಕೊಂಡಿದ್ದೆ."

ಆಟವೋ, ಇವನೋ? ವಾಣಿಗೆ ಎರಡೂ ಬೇಕಿತ್ತು. ಆದರೂ ಅವನನ್ನು ಕರೆದುಕೊಂಡೇ ಮನೆಗೆ ನಡೆದಳು.

ಕೆಂಪಾಜಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಶಿವು ತಲೆತಗ್ಗಿಸಿ ಎಲ್ಲ ಹೇಳಿದ. ಅಜ್ಜಿ ಬೈಯಲಿಲ್ಲ. ಅವನ ತಾಯಿಯ ತೌರು ಯಾವುದು, ತಾತ ಯಾರ ಮಗ ಅಂತ ಕೆದಕಿ ಕೆದಕಿ ಕೇಳಿ, ಬೆರಳು ಮಡಚಿ ವರಸೆ ಹಾಕಿದರು.

"ಅಂಗಾರೆ ನೀನು ಅತ್ತೆ ಮಗ ಆಯ್ತೀಯ ಕಣಪ್ಪ. ಇನ್ಮೇಲೆ ತಾಳಿ ಕಟ್ಟೋಗಂಟ ಅವಳ ಕೈ ಮುಟ್ಟಂಗಿಲ್ಲ."

ಭಾನುವಾರದವರಿಗೆ ನಾನೇ ಫೋನ್ ಮಾಡಿ ಬೇಡ ಅನ್ನುತ್ತೇನೆ ಅಂದರು. ವಾಣಿಗೆ ಅವನು ಸಿಕ್ಕ, ಆಟ ಹೋಯಿತು. ನಗಬೇಕೋ ಅಳಬೇಕೋ ತಿಳಿಯದೆ ಕಣ್ಣು ತುಂಬಿಕೊಂಡಿತು.

ಅಜ್ಜಿ ಮೊರ ಪಕ್ಕಕ್ಕಿಟ್ಟರು. "ಅದೇನೋ ಸೆಲೆಕ್ಸನ್ನು ಅಂತೀರಲ್ಲ, ಯಾವತ್ತು?"

"ಬರೋ ತಿಂಗಳು ಇಪ್ಪತ್ತಕ್ಕೆ," ಅಂದಳು ವಾಣಿ.

"ಅದುಕ್ ಮುಂಚೆ ಒಂದು ಲಗ್ನ ಐತಾ ಅಂತ ಅಯ್ನೋರ್ನ ಕೇಳ್ಕಬತ್ತೀನಿ. ನನ್ ಚಪ್ಲಿ ಕೊಡವ್ವ."