ಒಂದೂಕಾಲು ಇಂಚಿನ ಉಳಿ

ಹನ್ನೆರಡನೇ ತಾರೀಖು, ಬುಧವಾರ, ಬೆಳಗ್ಗೆ 10.20. ಗಂಡ ಹೆಂಡತಿ ಇಬ್ಬರು ಠಾಣೆಗೆ ಬಂದರು. ಗಂಡ ಬಡಗಿ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಂಡಿಯ ಮೇಲೆ, ಒಮ್ಮೆ ಮೇಜಿನ ಮೇಲೆ ಇಡುತ್ತಿದ್ದ. ಮಾತೆಲ್ಲ ಹೆಂಡತಿಯದು.

“ಚೀಲ ಕಳೆದು ಒಂಬತ್ತು ದಿನ ಆಯ್ತು ಮೇಡಂ. ಇವರು ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ಕೂತ್ಕೊಂಡ್ರು. ನಾನೇ ಎಳ್ಕೊಂಡು ಬಂದೆ.”

“ಚೀಲದಲ್ಲಿ ಏನಿತ್ತು?” ಇನ್‌ಸ್ಪೆಕ್ಟರ್ ಕೇಳಿದರು. ಅವರು ಉತ್ತರ ಬರೆದುಕೊಳ್ಳುವ ಮೊದಲು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುವವರು.

“ಹನ್ನೊಂದು ಉಳಿ, ಎರಡು ಕೀಸುಳಿ, ಒಂದು ಕೊಡತಿ, ಗರಗಸ,” ಬಡಗಿ ಮೊದಲ ಸಲ ಬಾಯಿ ತೆರೆದ. “ಉಳಿಗಳ ಹಿಡಿಯ ಮೇಲೆ ಮೂರು ಚುಕ್ಕೆ ಸುಟ್ಟಿದ್ದೀನಿ.”

ಮೂರನೇ ತಾರೀಖು ಸೋಮವಾರ ಬೆಳಗ್ಗೆ ಚೀಲವನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದ. ಏಳು ಕಿಲೋಮೀಟರ್ ಹೋಗಿ ಇಳಿದಾಗ ಹಿಂದೆ ರಬ್ಬರ್ ಪಟ್ಟಿ ಮಾತ್ರ ನೇತಾಡುತ್ತಿತ್ತು. ಐದನೇ ತಾರೀಖು ಹೆಂಡತಿ ಹದಿನಾಲ್ಕು ಕಾಗದ ಬರೆದು ದಾರಿಯುದ್ದಕ್ಕೂ ಕಂಬಗಳಿಗೆ ಅಂಟಿಸಿದಳು. ಒಂದು ಫೋನೂ ಬರಲಿಲ್ಲ.

“ಹೊಸದು ತಗೊಳ್ಳಬಹುದಲ್ವಾ?” ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕೇಳಿದ. ಠಾಣೆಯಲ್ಲಿ ಅವನಿಗೆ ರೇಡಿಯೋ ಎಂದು ಹೆಸರು. ಆರಿಸುವ ಗುಂಡಿ ಇಲ್ಲ ಎಂಬುದು ಅದರ ಅರ್ಥ.

ಬಡಗಿ ಅವನ ಮುಖ ನೋಡಿದ. “ಇಪ್ಪತ್ತೆರಡು ವರ್ಷ ಹಿಡಿದ ಉಳಿ ಸರ್. ಹೊಸದು ಕೈಗೆ ಒಗ್ಗೋಕೆ ವರ್ಷ ಬೇಕು. ನನಗಿರೋದು ಸೋಮವಾರದ ತನಕ.”

ಹದಿನೇಳನೇ ತಾರೀಖು ಸೋಮವಾರ ಒಂದು ಮರದ ಮೆಟ್ಟಿಲಿನ ಕೆಲಸ ಶುರುವಾಗಬೇಕು. ಆ ಕೆಲಸ ಇವನಿಗೆಂದೇ ಇಟ್ಟದ್ದು. ಗುತ್ತಿಗೆದಾರ ಮಾತು ಮುಗಿಸಿಬಿಟ್ಟಿದ್ದ: ಉಳಿ ಇದ್ದರೆ ಮೆಟ್ಟಿಲು ನಿನ್ನದು, ಇಲ್ಲದಿದ್ದರೆ ಮರಳು ಕಾಗದ ಹಿಡಿದು ಉಜ್ಜುವವರ ಸಾಲಿನಲ್ಲಿ ನಿಲ್ಲು.

“ಒಂದು ಸಲ ಆ ಸಾಲಿಗೆ ಹೋದವರನ್ನ ಯಾರೂ ವಾಪಸ್ ಕರೆಯಲ್ಲ,” ಎಂದಳು ಹೆಂಡತಿ.

ಕಳೆದ ವಸ್ತುವಿಗೆ ಠಾಣೆಯಲ್ಲಿ ಕೊಡುವುದು ಒಂದು ಸ್ವೀಕೃತಿ ಪತ್ರ. ಅಪರಾಧ ನಡೆದಿಲ್ಲವಾದರೆ ಎಫ್‌ಐಆರ್ ಇಲ್ಲ. ಇನ್‌ಸ್ಪೆಕ್ಟರ್ ಸ್ವೀಕೃತಿ ಬರೆಸಿದರು, ಜೀಪಿನ ಕೀಲಿ ಎತ್ತಿಕೊಂಡರು.

ದಾರಿಯಲ್ಲಿ ರೇಡಿಯೋ ಶುರುಮಾಡಿದ. “ಮೇಡಂ, ರಸ್ತೇಲಿ ಬಿದ್ದಿದ್ದ ಸ್ಪ್ಯಾನರ್ ಒಂದು ನಮ್ಮ ಮನೇಲೂ ಇದೆ. ನನ್ನನ್ನೂ ಒಳಗೆ ಹಾಕ್ತೀರಾ?”

“ಎತ್ತಿಕೊಳ್ಳೋಕೆ ಮುಂಚೆ ಏನು ಮಾಡಿದ್ರಿ?”

“ಆ ಕಡೆ ಈ ಕಡೆ ನೋಡಿದೆ.”

“ಯಾರದು ಅಂತ ನೋಡಿದ್ರಾ, ಯಾರಾದ್ರೂ ನೋಡ್ತಿದ್ದಾರಾ ಅಂತ ನೋಡಿದ್ರಾ?”

“ಮುಂದೆ ರಸ್ತೆ ಉಬ್ಬು ಬಂತು ಮೇಡಂ,” ಎಂದ ರೇಡಿಯೋ.

ಸಡಿಲಾದ ಚೀಲ ನೆಟ್ಟಗಿನ ರಸ್ತೆಯಲ್ಲಿ ಬೀಳುವುದಿಲ್ಲ, ಉಬ್ಬಿನಲ್ಲಿ ಬೀಳುತ್ತದೆ ಎಂಬುದು ಇನ್‌ಸ್ಪೆಕ್ಟರ್ ಲೆಕ್ಕ. ಆ ದಾರಿಯಲ್ಲಿ ಉಬ್ಬುಗಳು ನಾಲ್ಕು. ಮೊದಲೆರಡರ ಬಳಿ ಅಂಗಡಿಗಳೇ ಇರಲಿಲ್ಲ. ಮೂರನೆಯದರ ಪಕ್ಕ ಪಂಕ್ಚರ್ ಹಾಕುವವನ ಅಂಗಡಿ. ಒಂದು ವಾರ ತಂಗಿಯ ಮನೆಗೆ ಹೋಗಿದ್ದವನು ಹಿಂದಿನ ಸಂಜೆಯಷ್ಟೇ ಬಂದಿದ್ದ. 11.45ಕ್ಕೆ ಅವನ ಹೇಳಿಕೆ ಪಡೆದರು.

“ಬಿದ್ದದ್ದು ನೋಡಿದೆ ಮೇಡಂ. ಧೊಪ್ ಅಂತು. ಕೂಗಿದೆ. ಸ್ಕೂಟರಿನವರ ತಲೇಲಿ ಹೆಲ್ಮೆಟ್, ಕೇಳಿಸಲಿಲ್ಲ. ನನ್ನ ಕೈಯಲ್ಲಿ ಟ್ಯೂಬು, ಬಕೆಟ್‌ನಲ್ಲಿ ಮುಳುಗಿಸಿದ್ದೆ. ಎದ್ದು ಹೋಗೋ ಅಷ್ಟರಲ್ಲಿ ಒಬ್ಬರು ಸೈಕಲ್ ನಿಲ್ಲಿಸಿ ಎತ್ತಿಕೊಂಡ್ರು.”

“ಯಾರು?”

“ಗೊತ್ತಿಲ್ಲ. ವಯಸ್ಸಾದವರು. ಇಸ್ತ್ರಿ ಅಂಗಿ. ಕಿವಿಗೆ ಪೆನ್ಸಿಲ್ ಸಿಕ್ಕಿಸಿದ್ರು. ಇಲ್ಲಿ ಕೊಡಿ, ಹುಡುಕ್ಕೊಂಡು ಬಂದ್ರೆ ಕೊಡ್ತೀನಿ ಅಂದೆ. ಬೇಡಪ್ಪ, ಅವರು ನನಗೆ ಗೊತ್ತು, ನಾನೇ ಕೊಡ್ತೀನಿ ಅಂದ್ರು. ದೊಡ್ಡವರ ಥರ ಇದ್ರು. ನಂಬಿದೆ.”

“ಅವರು ಹಾಗೆ ಹೇಳಿದ್ದು ನಿಜ ತಾನೆ?”

“ನನ್ನ ಕೈಯಿಂದಲೇ ತಪ್ಪಿಸಿಕೊಂಡು ಹೋಯ್ತಲ್ಲ ಮೇಡಂ, ಮರೀತೀನಾ?”

ಇಲ್ಲಿಗೆ ಕಳೆದ ವಸ್ತು ಪ್ರಕರಣವಾಯಿತು. ಸಿಕ್ಕಿದ್ದನ್ನು ಎತ್ತಿಕೊಳ್ಳುವುದು ತಪ್ಪಲ್ಲ. ಮಾಲೀಕ ಯಾರೆಂದು ತಿಳಿದೂ, ಅಥವಾ ತಿಳಿಯುವ ದಾರಿ ಇದ್ದೂ ತನ್ನದು ಮಾಡಿಕೊಳ್ಳುವುದು ಅಪರಾಧ. ನ್ಯಾಯಾಲಯದ ಅನುಮತಿ ಪಡೆದು ಮಧ್ಯಾಹ್ನ 1.10ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆಯ ತನಕ ರೇಡಿಯೋ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಮೂರು ಚುಕ್ಕೆಯ ಉಳಿ ಎಲ್ಲೂ ಮಾರಾಟಕ್ಕೆ ಬಂದಿರಲಿಲ್ಲ.

“ಮಾರೋನಲ್ಲ,” ಎಂದರು ಇನ್‌ಸ್ಪೆಕ್ಟರ್. “ಬಳಸೋನು.”

ಮರುದಿನ ಗುರುವಾರ ಬೆಳಗ್ಗೆ 9.30ಕ್ಕೆ ಅವರು ಮೂರನೇ ಉಬ್ಬಿನಿಂದ ನಡೆದೇ ಹೊರಟರು. ಕಂಬಗಳ ಮೇಲಿನ ಕಾಗದಗಳನ್ನು ಒಂದೊಂದಾಗಿ ಓದಿದರು. ಎಲ್ಲದರಲ್ಲೂ ಬಡಗಿಯ ಹೆಂಡತಿಯ ದುಂಡು ಅಕ್ಷರ: ‘ಮೂರನೇ ತಾರೀಖು ಈ ದಾರಿಯಲ್ಲಿ ಕೆಲಸದ ಚೀಲ ಬಿಟ್ಟುಹೋಗಿದೆ. ಉಳಿ 11. ದೊಡ್ಡ ಉಳಿ ಒಂದೂವರೆ ಇಂಚು. ಸಿಕ್ಕವರು ದಯವಿಟ್ಟು ಫೋನ್ ಮಾಡಿ.’ ಕೆಳಗೆ ನಂಬರು. ಎಂಟು ಕಾಗದ ಹಾಗೇ ಇದ್ದವು. ತಿರುವಿನ ಕಂಬದ ಒಂಬತ್ತನೆಯದರ ಮುಂದೆ ಇನ್‌ಸ್ಪೆಕ್ಟರ್ ನಿಂತರು.

‘ಒಂದೂವರೆ’ ಎಂಬುದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ ಗೆರೆ. ಮೇಲೆ ‘ಒಂದೂಕಾಲು’ ಎಂದು ಬರೆದು, ಅಂಚಿನಲ್ಲಿ ಬಾಲ ಉದ್ದದ ಒಂದು ಟಿಕ್ ಹಾಕಿದ್ದರು.

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಬಡಗಿಗೆ ಫೋನ್ ಮಾಡಿದರು.

“ನಿಮ್ಮ ದೊಡ್ಡ ಉಳಿ ಎಷ್ಟು ಇಂಚು?”

“ಒಂದೂಕಾಲು.”

“ಖಚಿತವಾಗಿ?”

“ನನ್ನ ಬೆರಳು ಎಷ್ಟು ಅಂತ ಕೇಳ್ದಂಗಿದೆ ಮೇಡಂ. ಒಂದೂಕಾಲು.”

ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. “ಒಂದೂವರೆ ಅಲ್ವೇನ್ರೀ? ನಾನು ಅಷ್ಟೇ ಅಂದ್ಕೊಂಡು ಬರೆದೆನಲ್ಲ!”

ಇನ್‌ಸ್ಪೆಕ್ಟರ್ ಫೋನ್ ಇಟ್ಟರು. ಆ ಉಳಿಯ ನಿಜವಾದ ಅಳತೆ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರಲು ಸಾಧ್ಯ. ಒಬ್ಬ ಅದನ್ನು ಕಳೆದುಕೊಂಡವನು. ಇನ್ನೊಬ್ಬನು ಅದರ ಮೇಲೆ ಅಳತೆಪಟ್ಟಿ ಇಟ್ಟು ನೋಡಿದವನು.

“ಕದ್ದವನೇ ಬಂದು ತಪ್ಪು ತಿದ್ದಿ ಹೋದ್ನಾ?” ರೇಡಿಯೋಗೆ ನಗು ತಡೆಯಲಾಗಲಿಲ್ಲ. “ಇಂಥವನನ್ನ ನಾನು ನೋಡೇ ಇಲ್ಲ ಮೇಡಂ.”

“ತಪ್ಪು ಕಂಡ್ರೆ ಕೈ ತಡೆಯದವರು ಯಾರು, ಹೇಳಿ.”

“ಮೇಷ್ಟ್ರು.”

ಕಂಬದ ಮೇಲಿನ ಕಾಗದವನ್ನು ಇಬ್ಬರು ಪಂಚರ ಸಮಕ್ಷಮ ಬಿಡಿಸಿ, ಪಂಚನಾಮೆ ಬರೆದು, ಲಕೋಟೆಗೆ ಹಾಕಿ ಮೊಹರು ಮಾಡಿದರು. ಅದಕ್ಕೆ ಮೊದಲು ಒಂದು ಫೋಟೋ ತೆಗೆದುಕೊಂಡರು.

ಬಡಗಿ ಸಾಣೆಕಲ್ಲನ್ನು ಚೀಲದಲ್ಲಿ ಒಯ್ಯುತ್ತಿರಲಿಲ್ಲ, ಅದು ಮನೆಯಲ್ಲೇ ಉಳಿದಿತ್ತು. ಉಳಿ ಬಳಸುವವನಿಗೆ ಕಲ್ಲು ಬೇಕೇಬೇಕು. ನುಣುಪು ಸಾಣೆಕಲ್ಲು ಮಾರುವ ಕಬ್ಬಿಣದ ಸಾಮಾನಿನ ಅಂಗಡಿ ಆ ಕಡೆ ಒಂದೇ. ಅಂಗಡಿಯವನು ಮೊದಲು ಯಾರು ಕೊಂಡರೆಂದು ನೆನಪಿಲ್ಲವೆಂದ. ಇನ್‌ಸ್ಪೆಕ್ಟರ್ ಫೋಟೋ ತೋರಿಸಿದರು. ಅವನ ಮುಖ ಅರಳಿತು.

“ಅಯ್ಯೋ, ಇದು ನಮ್ಮ ಮರಗೆಲಸದ ಮೇಷ್ಟ್ರ ಟಿಕ್ಕು! ವೃತ್ತಿ ಶಾಲೇಲಿ ನನಗೆ ಪಾಠ ಮಾಡಿದವರು. ನನ್ನ ಪುಸ್ತಕದಲ್ಲಿ ಇದು ಅಪರೂಪ, ಇಂಟುಗಳೇ ಜಾಸ್ತಿ ಇದ್ದವು. ಕಲ್ಲಾ? ಹೋದ ವಾರ ತಾನೇ ಅವರೇ ತಗೊಂಡು ಹೋ...” ಅವನು ಅಲ್ಲಿಗೆ ನಿಲ್ಲಿಸಿದ. ಆಮೇಲೆ ಮೆಲ್ಲಗೆ, “ಮೇಷ್ಟ್ರು ಅಂಥವರಲ್ಲ ಮೇಡಂ.”

“ಆ ಉಳಿ ಇಲ್ಲದೆ ಇನ್ನೊಬ್ಬರ ಕೆಲಸ ಹೋಗ್ತಿದೆ. ಮನೆ ಎಲ್ಲಿ?”

ಸಂಜೆ 4.20. ಮೇಷ್ಟ್ರ ಮನೆಯ ಬಾಗಿಲು ತೆಗೆದದ್ದು ಅವರ ಅಕ್ಕ. ಪೊಲೀಸರನ್ನು ಕಂಡು ಬೆದರುವ ಬದಲು ದೂರು ಹೇಳಲು ಜನ ಸಿಕ್ಕರೆಂಬಂತೆ ಶುರುಮಾಡಿದರು.

“ಹಿತ್ತಲ ಕೊಟ್ಟಿಗೇಲಿದ್ದಾನೆ. ಹತ್ತು ದಿನದಿಂದ ಊಟಕ್ಕೂ ನಾನೇ ಹೋಗಿ ಕರೀಬೇಕು. ರಿಟೈರ್ ಆದ್ಮೇಲೆ ಮಂಕು ಬಡಿದವನ ಥರ ಕೂತಿದ್ದ. ಈಗ ನೋಡಿದ್ರೆ ಹಾಡ್ಕೋತಾ ಇರ್ತಾನೆ.”

ಕೊಟ್ಟಿಗೆ ಚೊಕ್ಕಟವಾಗಿತ್ತು. ಎದುರಿನ ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಪ್ರತಿ ಸಲಕರಣೆಯ ಆಕಾರವನ್ನು ಗೆರೆಯಲ್ಲಿ ಬರೆದು, ಆ ಗೆರೆಯೊಳಗೆ ಅದನ್ನೇ ತೂಗುಹಾಕಿತ್ತು. ಹನ್ನೊಂದು ಉಳಿ, ಎರಡು ಕೀಸುಳಿ, ಕೊಡತಿ, ಗರಗಸ. ಹಿಡಿಗಳಿಗೆ ಎಣ್ಣೆ ಹಚ್ಚಿತ್ತು. ಮೂರು ಚುಕ್ಕೆಗಳು ಎದ್ದು ಕಾಣುತ್ತಿದ್ದವು. ಮೇಷ್ಟ್ರು ಪೀಪಾಯಿಯ ಮೇಲೆ ಕುಳಿತು ಮರದ ತುಂಡೊಂದನ್ನು ಕೆತ್ತುತ್ತಿದ್ದರು. ಎದ್ದು ನಿಂತರು.

ಜೊತೆಗೆ ಕರೆತಂದಿದ್ದ ಪಂಚರ ಮುಂದೆ ರೇಡಿಯೋ ದೊಡ್ಡ ಉಳಿಯನ್ನು ಅಳೆದ. ಒಂದೂಕಾಲು ಇಂಚು.

“ಇದು ಎಲ್ಲಿ ಸಿಕ್ಕಿತು?” ಇನ್‌ಸ್ಪೆಕ್ಟರ್ ಕೇಳಿದರು.

“ರಸ್ತೆ ಬದಿ.”

“ಪಂಕ್ಚರ್ ಅಂಗಡಿಯವನಿಗೆ ‘ಅವರು ನನಗೆ ಗೊತ್ತು’ ಅಂದ್ರಂತೆ. ಗೊತ್ತಿತ್ತಾ?”

“ಗೊತ್ತಿರಲಿಲ್ಲ. ಆದ್ರೆ ಕೊಡೋಣ ಅಂತಲೇ ಎತ್ತಿಕೊಂಡೆ. ತಿರುವಿನ ತನಕ ಸೈಕಲ್ ತುಳಿದೆ, ಸಿಗಲಿಲ್ಲ. ಯಾರ ಹೆಸರಾದ್ರೂ ಇದೆಯಾ ನೋಡೋಣ ಅಂತ ಮನೇಲಿ ಚೀಲ ಬಿಚ್ಚಿದೆ.”

“ಹೆಸರಿತ್ತಾ?”

“ಇಲ್ಲ. ಉಳಿ ಇದ್ವು.”

“ಕಂಬದ ಕಾಗದ ಯಾವಾಗ ನೋಡಿದ್ರಿ?”

“ಆರನೇ ತಾರೀಖು.”

“ಅದರಲ್ಲಿ ಫೋನ್ ನಂಬರ್ ಇತ್ತು.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ದನಿಯಲ್ಲಿ ತರಗತಿಯ ಗತ್ತು ಬಂತು. “ನೋಡಮ್ಮ, ಬಿಟ್ಟುಹೋಗಿದೆ ಅಂತ ಅವರೇ ಬರೆದಿದ್ದಾರೆ. ಬಿಟ್ಟುಹೋದದ್ದಕ್ಕೂ ಕಳೆದದ್ದಕ್ಕೂ ವ್ಯತ್ಯಾಸ ಇದೆ. ಬೇಡ ಅಂತ ಬಿಟ್ಟದ್ದನ್ನ ಎತ್ತಿಕೊಂಡ್ರೆ ಅದು ಕಳ್ಳತನ ಆಗಲ್ಲ.”

ಇನ್‌ಸ್ಪೆಕ್ಟರ್ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

“ಈ ಕೈಬರಹ ನಿಮ್ಮದೇ?”

“ನನ್ನದೇ.”

“ಯಾಕೆ ತಿದ್ದಿದ್ರಿ?”

“ಅಳತೆ ತಪ್ಪಿತ್ತು.” ಇದನ್ನು ಕೇಳುವ ಅಗತ್ಯವೇನಿದೆ ಎಂಬಂತೆ ಅವರು ನೋಡಿದರು.

“ಸರಿ. ಅದೇ ಕಾಗದದಲ್ಲಿ, ಅಳತೆಯ ಮೇಲಿನ ಸಾಲು. ‘ಬಿಟ್ಟುಹೋಗಿದೆ.’ ಅದು ಸರಿಯಾಗಿದೆಯಾ?”

ಮೇಷ್ಟ್ರು ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಚೀಲ ಸ್ಕೂಟರಿನಿಂದ ಬಿದ್ದದ್ದನ್ನ ನೀವು ನೋಡಿದ್ರಿ.”

“ನೋಡಿದ್ದೆ.”

“ಹಾಗಾದ್ರೆ ಅಲ್ಲಿ ಯಾವ ಪದ ಇರಬೇಕಿತ್ತು?”

“ಬಿದ್ದುಹೋಗಿದೆ.”

“ಅದನ್ನ ಯಾಕೆ ತಿದ್ದಲಿಲ್ಲ?”

ಅಕ್ಕ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಅವರನ್ನು ನೋಡಲಿಲ್ಲ. ಕಿವಿಯ ಮೇಲಿದ್ದ ಚಪ್ಪಟೆ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟರು.

“ತಿದ್ದಿದ್ರೆ ಚೀಲ ಕೊಡಬೇಕಾಗ್ತಿತ್ತು,” ಎಂದರು.

ಜಪ್ತಿ ಪಂಚನಾಮೆ 5.05ಕ್ಕೆ ಮುಗಿಯಿತು. 5.15ಕ್ಕೆ ಬಂಧನ. ಅಕ್ಕನಿಗೆ ವಿಷಯ ತಿಳಿಸಿದುದಾಗಿ ಸಹಿ ಪಡೆದರು. ಸಹಿ ಹಾಕುವಾಗ ಆಕೆ ತಮ್ಮನ ಕಡೆ ತಿರುಗಿ, “ಅಂಗಿ ಬದಲಾಯಿಸಿಕೋ, ತೋಳೆಲ್ಲ ಮರದ ಪುಡಿ,” ಎಂದರು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡರು.

ಶುಕ್ರವಾರ ನ್ಯಾಯಾಲಯಕ್ಕೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಇನ್‌ಸ್ಪೆಕ್ಟರ್ ಅದೇ ದಿನ ಮುದ್ದೆಮಾಲನ್ನು, ಎಂದರೆ ಜಪ್ತಿಯಾದ ಚೀಲವನ್ನು, ಮಾಲೀಕನಿಗೆ ಕೊಡಲು ಆದೇಶ ಪಡೆದರು. ಶನಿವಾರ ಬೆಳಗ್ಗೆ 11ಕ್ಕೆ ಬಡಗಿ ಮುಚ್ಚಳಿಕೆಗೆ ಸಹಿ ಹಾಕಿ ಚೀಲ ಬಿಚ್ಚಿದ. ದೊಡ್ಡ ಉಳಿಯ ಅಲಗನ್ನು ಮುಂಗೈ ಮೇಲೆ ಆಡಿಸಿದ. ಕೂದಲು ಬೋಳಾಯಿತು. ಇನ್ನೊಂದನ್ನು ನೋಡಿದ, ಮತ್ತೊಂದನ್ನು ನೋಡಿದ.

“ಇಷ್ಟು ಚೂಪು ನಾನು ಯಾವತ್ತೂ ಹಿಡಿದಿಲ್ಲ,” ಎಂದ.

“ಹಾಗಿದ್ರೆ ವರ್ಷಕ್ಕೊಂದ್ಸಲ ಬೀಳಿಸಿಕೊಂಡು ಬನ್ನಿ,” ಎಂದಳು ಹೆಂಡತಿ.

ಅವನು ನಗಲಿಲ್ಲ. “ಇಷ್ಟು ಬಲ್ಲವರಿಗೆ ನನ್ನ ಉಳಿ ಯಾಕೆ ಬೇಕಿತ್ತು ಮೇಡಂ?”

“ನಾನೂ ಕೇಳಿದೆ,” ಎಂದರು ಇನ್‌ಸ್ಪೆಕ್ಟರ್. ಕಡತ ಮುಚ್ಚಿ ಅವನಿಗೆ ಸೋಮವಾರದ ನೆನಪು ಮಾಡಿದರು. ಸೋಮವಾರ ಎಂಟು ಗಂಟೆಗೆ ಅವನು ಮೆಟ್ಟಿಲಿನ ಮೊದಲ ಹಲಗೆಗೆ ಗುರುತು ಹಾಕಿದ ಎಂದು ಆಮೇಲೆ ತಿಳಿಯಿತು.

ಕಡತದಲ್ಲಿ ಮೇಷ್ಟ್ರ ಹೇಳಿಕೆ ಎರಡು ಪುಟ ಇದೆ. ಕೊನೆಯ ಭಾಗ ಹೀಗಿದೆ:

‘ಮೂವತ್ತೊಂದು ವರ್ಷ ಶಾಲೆಯ ಸಲಕರಣೆಗಳಲ್ಲಿ ಪಾಠ ಮಾಡಿದ್ದೇನೆ. ಅವು ಬೆಳಗ್ಗೆ ಬೀರುವಿನಿಂದ ಬರುತ್ತಿದ್ದವು, ಸಂಜೆ ಐದಕ್ಕೆ ಬೀರುವಿಗೆ ಹೋಗುತ್ತಿದ್ದವು. ಎಷ್ಟು ಮಸೆದರೂ ಮಾರನೇ ದಿನ ಯಾರದೋ ಕೈಗೆ ಹೋಗುತ್ತಿದ್ದವು. ನಿವೃತ್ತಿಯ ದಿನ ಕೀಲಿ ಒಪ್ಪಿಸಿ ಬರಿಗೈಯಲ್ಲಿ ಬಂದೆ. ಹೊಸದು ಕೊಳ್ಳಬಹುದಿತ್ತಲ್ಲ ಎಂದು ಕೇಳಿದ್ದೀರಿ. ಕೊಂಡರೆ ಉಳಿ ಸಿಗುತ್ತದೆ. ಒಬ್ಬನ ಕೈಯಲ್ಲೇ ಸವೆದ ಉಳಿ ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಮಾಡಿದ್ದು ತಪ್ಪು. ಹತ್ತು ದಿನ, ಐದು ಗಂಟೆ ಆದಮೇಲೂ ಉಳಿ ನನ್ನ ಕೈಯಲ್ಲಿತ್ತು.’